ಕಟ್ಟು ಬಿದ್ದ ಊರಿನಲ್ಲಿ ಅಮ್ಮನ ಹರಕೆ

ಕಳೆದ ಚಳಿಗಾಲದಲ್ಲಿ ಅರಸೀಕೆರೆ ಕಡೆಯ ಒಂದು ಹಳೆಯ ಗುಡಿಗೆ ಹೋಗಿದ್ದೆ. ಬೀಗ ತೆಗೆದ ಕಾವಲುಗಾರ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಬಾವಲಿ ಕಾಟ ಮೇಡಂ, ವಾಸನೆ ಜಾಸ್ತಿ. ಬೇಗ ನೋಡ್ಕೊಂಡ್ ಬಂದ್ಬಿಡಿ" ಎಂದ. ನಾನು ಒಳಗೆ ಹೋಗಿ ಕಂಬಕ್ಕೆ ಒರಗಿ ನಿಂತು ನಿಧಾನವಾಗಿ ಉಸಿರೆಳೆದುಕೊಂಡೆ. ತಣ್ಣಗಿನ ಕಲ್ಲು, ಹಳೆಯ ಎಣ್ಣೆಯ ಜಿಡ್ಡು, ಬಾವಲಿ ಹಿಕ್ಕೆ, ಇವು ಮೂರೂ ಕಲೆತ ವಾಸನೆ ಮೂಗಿಗೆ ಬಡಿದರೆ ನನಗೆ ಅಮ್ಮ ನೆನಪಾಗುತ್ತಾಳೆ. ಇದನ್ನು ಅವಳಿಗೇ ಹೇಳಿದರೆ "ನಿನ್ನ ಹೊಗಳಿಕೆಗಿಷ್ಟು ಬೆಂಕಿ ಹಾಕ" ಎನ್ನುತ್ತಾಳೆ. ಆದರೂ ಮಾತು ನಿಜ. ನಾಲ್ಕೈದು ವರ್ಷದ ಹಿಂದೆ, ಕಾಫಿ ಹೂವರಳುವ ಕಾಲದಲ್ಲಿ, ನಾವಿಬ್ಬರೂ ಕೊಡಗಿನ ಗುಡಿ, ಬಸದಿ, ಅರಮನೆ ಎಂದು ಸುತ್ತಿದೆವು. ಆ ಬೇಸಿಗೆಯನ್ನು ನನಗೆ ಕೊಟ್ಟ ಊರಿಗೆ ಒಂದು ನಮಸ್ಕಾರ ಬಾಕಿಯಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕುಶಾಲನಗರದ ಪಕ್ಕ. ಆದರೆ ನಾವು ಅಲ್ಲಿಯ ಮೂಲದವರಲ್ಲ. ಹಾಸನ ಸೀಮೆಯಲ್ಲಿದ್ದ ನಮ್ಮ ಊರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದಾಗ ಅಪ್ಪ ಇಲ್ಲಿ ಜಮೀನು ಹಿಡಿದ. ನಾನಾಗ ಕಂಕುಳ ಕೂಸು. ಊರಿನ ಬಗ್ಗೆ ನನಗೆ ನೆನಪೆಂಬುದೇ ಇಲ್ಲ, ಇರುವುದೆಲ್ಲ ಅಮ್ಮ ಹೇಳಿದ್ದು. ಅವಳ ಮಾತಿನಲ್ಲಿ ಮನೆಗಿಂತ ಹೆಚ್ಚು ಸಲ ಬರುವುದು ಊರ ಮುಂದಿನ ಕಲ್ಲೇಶ್ವರನ ಗುಡಿ. ಊರು ಬಿಡುವಾಗ ದೇವರನ್ನೂ ಹೊತ್ತುಕೊಂಡು ಬರೋಣವೆಂದು ಪೂಜಾರಪ್ಪ ಲಿಂಗದ ಮೇಲೆ ಹೂವಿಟ್ಟು ಅಪ್ಪಣೆ ಕೇಳಿದರಂತೆ. ಬಲಕ್ಕೆ ಬಿದ್ದರೆ ಬರುತ್ತೇನೆಂದು ಅರ್ಥ, ಎಡಕ್ಕೆ ಬಿದ್ದರೆ ಬರುವುದಿಲ್ಲವೆಂದು. ಹೂವು ಎರಡೂ ಕಡೆಗೆ ಬೀಳದೆ ಇಟ್ಟಲ್ಲೇ ಕೂತಿತು. ಸಂಜೆಯವರೆಗೆ ಕಾದು, ಎಲ್ಲರೂ ಕೈಮುಗಿದು, ದೇವರನ್ನು ಅಲ್ಲೇ ಬಿಟ್ಟು ಹೊರಟರು. ಆಮೇಲೆ ನೀರು ಬಂತು.

ನೀರು ಬರುವ ಮುಂಚೆ ಅಮ್ಮ ಆ ದೇವರಿಗೆ ಒಂದು ಮಾತು ಕೊಟ್ಟಿದ್ದಳು. ನನಗೆ ನಾಯಿಕೆಮ್ಮು ಬಂದು ಉಸಿರು ನಿಂತು ನಿಂತು ಬರುತ್ತಿತ್ತಂತೆ. "ಇವಳನ್ನ ಉಳಿಸಿಕೊಡು, ಇವಳ ತೂಕದ ಬೆಲ್ಲ ಒಪ್ಪಿಸ್ತೀನಿ" ಎಂದು ಹರಸಿಕೊಂಡಳು. ನಾನು ಉಳಿದೆ. ಹೊಸ ಬೆಲ್ಲ ಬರಲಿ ಎಂದು ಆಲೆಮನೆಯ ಕಾಲಕ್ಕೆ ಕಾದರು. ಅಷ್ಟರಲ್ಲಿ ಊರು ಖಾಲಿ ಮಾಡುವ ಗಡಿಬಿಡಿ ಶುರುವಾಯಿತು, ಹರಕೆ ಹಾಗೇ ಉಳಿಯಿತು.

ಈಗ ಇದರ ತಮಾಷೆ ನೋಡಿ. ಅವಳು ಹರಸಿಕೊಂಡಾಗ ನಾನು ಒಂದು ಕುಂಬಳಕಾಯಿಯಷ್ಟಿದ್ದೆ. ಆಮೇಲೆ ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದೆ. ಜನ ನಗಬಾರದು, ನಮ್ಮ ಕೆಲಸ ಮಕ್ಕಳನ್ನು ಓಡಿಸುವುದೇ ಹೊರತು ಓಡುವುದಲ್ಲ. ಸೀಟಿ ಊದುತ್ತ ನಿಂತಲ್ಲೇ ನಿಂತು ನಾನು ಚೆನ್ನಾಗಿಯೇ ಬೆಳೆದೆ. ಹಬ್ಬದ ದಿನ ನಾನು ಇನ್ನೊಂದು ಹೋಳಿಗೆಗೆ ಕೈಹಾಕಿದರೆ ಅಮ್ಮ, "ತಿನ್ನು, ತಿನ್ನು. ಕಲ್ಲೇಶ್ವರನಿಗೆ ಲಾಭ" ಎನ್ನುತ್ತಿದ್ದಳು.

ನಗುತ್ತಲೇ ಹೇಳುತ್ತಿದ್ದಳು, ಆದರೆ ಒಳಗೆ ಕೊರೆಯುತ್ತಿತ್ತು. ಹೋದ ಹೋದ ದೇವಸ್ಥಾನದಲ್ಲೆಲ್ಲ ಅರ್ಚಕರನ್ನು ಕೇಳುವಳು, ಇಲ್ಲಿ ತೀರಿಸಬಹುದಾ ಎಂದು. ಎಲ್ಲರದ್ದೂ ಒಂದೇ ಉತ್ತರ: ಯಾವ ದೇವರಿಗೆ ಹೇಳಿಕೊಂಡಿರೋ ಆ ದೇವರಿಗೇ ಸಲ್ಲಬೇಕಮ್ಮ. ಒಮ್ಮೆ ನಾನೇ, ಹಿನ್ನೀರಿನ ದಡಕ್ಕೆ ಹೋಗಿ ಬೆಲ್ಲವನ್ನು ನೀರಿಗೆ ಬಿಟ್ಟು ಬರೋಣ ಎಂದೆ. "ನನ್ನ ದೇವರೇನು ಮೀನಾ?" ಎಂದು ಎರಡು ದಿನ ಮಾತು ಬಿಟ್ಟಳು. ಆ ವರ್ಷ ಅವಳಿಗೆ ಎದೆ ನೋವು ಬಂದು ಮೈಸೂರಿನಲ್ಲಿ ಆಸ್ಪತ್ರೆ ಸೇರಿದ್ದಾಯಿತು. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಹೇಳಿದಳು, "ಸಾಯೋದಕ್ಕೆ ಹೆದರಿಕೆ ಇಲ್ಲ ಕಣೆ ಸರೋಜಿ. ತೀರದ ಹರಕೆ ಹೋಗಿ ನಿನ್ನ ತಲೆ ಮೇಲೆ ಕೂತ್ಕೊಂಡ್ರೆ? ಉಳಿಸಿಕೊಂಡ ಮಗಳಿಗೆ ನಾನೇ ಕೇಡು ಮಾಡ್ದಂಗಾಯ್ತದಲ್ಲ." ನನಗೆ ಅಂಥದ್ದರಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಅವಳ ಹೆದರಿಕೆ ನಿಜವಾಗಿತ್ತು, ಅದು ಇಳಿಯುವ ದಾರಿ ನನಗೆ ಕಾಣಿಸಲಿಲ್ಲ.

ಆ ವರ್ಷವೇ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ. ಹಳೆಯ ಗುಡಿ ನೋಡುವ ಚಟ ನನಗೆ ಮೊದಲಿನಿಂದಲೂ ಇತ್ತು. ಅದಕ್ಕೆ ಕಾರಣವೂ ಅಮ್ಮನೇ. ನಮ್ಮೂರ ಗುಡಿಯ ಒಂದು ಫೋಟೋ ಕೂಡ ಯಾರ ಬಳಿಯೂ ಇಲ್ಲ. ಹೇಗಿತ್ತು ಎಂದು ಕೇಳಿದರೆ ಅವಳು ಬಾಯಲ್ಲಿ ಹೇಳಲಾರಳು. ಬೇರೆ ಯಾವುದಾದರೂ ಹಳೆಯ ಗುಡಿಗೆ ಕರೆದುಕೊಂಡು ಹೋದರೆ ಮಾತ್ರ, "ಹಾಂ, ನಮ್ಮದರ ಬಾಗಿಲೂ ಹಿಂಗೇ ಕುಳ್ಳಗಿತ್ತು", "ಕಂಬ ಇಷ್ಟು ನಾಜೂಕಿಲ್ಲ, ಒರಟು" ಎಂದು ಒಂದೊಂದೇ ತುಂಡು ಕೊಡುತ್ತಿದ್ದಳು. ಆ ತುಂಡುಗಳನ್ನು ಜೋಡಿಸುತ್ತ ಜೋಡಿಸುತ್ತ ನಾನು ಮುಳುಗಿದ ಗುಡಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ಹಂಪಿ, ಬಾದಾಮಿ ಎಲ್ಲ ನೋಡಿಯಾಗಿತ್ತು. ಮನೆ ಬಾಗಿಲಲ್ಲೇ ಇದ್ದ ಕೊಡಗಿನ ಗುಡಿಗಳನ್ನೇ ನೋಡಿರಲಿಲ್ಲ.

ನನ್ನ ಹಳೆಯ ಕಾರಿನಲ್ಲಿ ಹೊರಟೆವು. ಮಡಿಕೇರಿಯಲ್ಲಿ ರಾಜರ ಗದ್ದಿಗೆಗಳ ಗುಮ್ಮಟ ನೋಡಿ ಅಮ್ಮ, "ದೊಡ್ಡೋರ ಸಮಾಧಿ, ತಣ್ಣಗಿದೆ" ಎಂದಷ್ಟೇ ಹೇಳಿ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿದಳು. ಅವಳ ಪ್ರಕಾರ ಲೋಕದಲ್ಲಿ ಎರಡೇ ಥರದ ಗುಡಿ. ಒಂದು ದೀಪ ಇರುವುದು, ಇನ್ನೊಂದು ಬೋರ್ಡು ಇರುವುದು. ಬೋರ್ಡು ಎಂದರೆ, ಇದು ಸಂರಕ್ಷಿತ ಸ್ಮಾರಕ, ಹಾಳು ಮಾಡಿದವರಿಗೆ ಶಿಕ್ಷೆ ಎಂದು ಬರೆದಿರುವ ಪುರಾತತ್ವ ಇಲಾಖೆಯ ನೀಲಿ ಹಲಗೆ. ಬೋರ್ಡಿನ ಗುಡಿಗೆ ಹೋದರೆ ಕಾವಲುಗಾರನನ್ನು ಮೊದಲು ಕೇಳುವುದು, "ದೀಪ ಹಚ್ಚೋರು ಯಾರೂ ಇಲ್ವೇನಪ್ಪ?" ಇಲ್ಲವೆಂದರೆ ಸೆರಗಿನಿಂದ ಹೊಸ್ತಿಲ ಧೂಳನ್ನಾದರೂ ಒರೆಸದೆ ಬರುವವಳಲ್ಲ. ಎಷ್ಟೋ ಕಡೆ ಬೈಸಿಕೊಂಡಿದ್ದೇವೆ.

ಭಾಗಮಂಡಲ ಮತ್ತು ನಾಲ್ಕುನಾಡು ಅರಮನೆ ನೋಡಲು ಅನುಕೂಲವಾಗಲೆಂದು ಭಾಗಮಂಡಲದ ಆಚೆ, ಕರಿಕೆ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ ಉಳಿದುಕೊಂಡೆವು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವಾರವೇ ಅಲ್ಲಿ ಫೋಟೋ ತೆಗೆಯುವವರು ತುಂಬಿಕೊಳ್ಳುತ್ತಾರೆ. ಲೀಲಕ್ಕ ಎಂಬವರ ಮನೆ. ಅರೆಭಾಷೆ ಮಾತಾಡುವ ಗೌಡರು. ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ, ಮನೆಯ ಮಗ್ಗುಲಲ್ಲಿ ಪ್ರವಾಸಿಗರಿಗೆಂದು ಎರಡು ಕೋಣೆ. ನನ್ನ ವಯಸ್ಸಿನ ಹೆಂಗಸು, ಮಾತು ನಗು ಎರಡೂ ಜೋರು. ಮೊದಲ ದಿನವೇ ಅಮ್ಮನಿಗೂ ಅವರಿಗೂ ನುಚ್ಚಕ್ಕಿ ಕಡುಬಿನ ವಿಷಯದಲ್ಲಿ ಸ್ನೇಹವಾಯಿತು. ನನ್ನನ್ನು ಕೇಳುವವರೇ ಇಲ್ಲ.

ಮರುದಿನ ನಾಲ್ಕುನಾಡು ಅರಮನೆಗೆ ಹೋದೆವು. ಬೆಟ್ಟದ ಬುಡದಲ್ಲಿ, ಕಾಡಿಗೆ ಬೆನ್ನು ಕೊಟ್ಟು ನಿಂತ ಹೆಂಚಿನ ಅರಮನೆ. ಮರದ ಕೆತ್ತನೆಯ ಕಿಟಕಿಗಳು, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಅಮ್ಮ ಜಗಲಿಯ ಕಂಬಕ್ಕೆ ಕೈಯಿಟ್ಟು ಬಹಳ ಹೊತ್ತು ನಿಂತಳು. "ರಾಜ ಹೋದ, ರಾಜನ ಮಕ್ಕಳು ಹೋದರು. ಮನೆ ನಿಂತಿದೆ ನೋಡು. ನಾವೆಲ್ಲ ಇದ್ದೀವಿ, ನಮ್ಮದು ನಿಲ್ಲಲಿಲ್ಲ" ಎಂದಳು. ದೂರಿನ ದನಿಯೇನಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ನಾನು ನೀರಿನ ಬಾಟಲಿ ಕೊಟ್ಟೆ.

ಸಂಜೆ ವಾಪಸು ಬಂದಾಗ ಲೀಲಕ್ಕನ ಮನೆಯಲ್ಲಿ ಗಡಿಬಿಡಿ. ಊರ ಭಗವತಿಯ ಹಬ್ಬ ಹತ್ತಿರ ಬಂದಿತ್ತು, ಅಂದು ದೇವಸ್ಥಾನದಲ್ಲಿ ತಕ್ಕರು ಪ್ರಾರ್ಥನೆ ಮಾಡಿ ಕಟ್ಟು ಹಾಕಿದ್ದರು. ತಕ್ಕರೆಂದರೆ ದೇವಸ್ಥಾನದ ಹಿರೇತನ ನಡೆಸುವವರು. ಕಟ್ಟು ಎಂದರೆ ಊರಿಗೆ ಊರೇ ಒಪ್ಪಿಕೊಂಡ ನಿಯಮ. ಹಬ್ಬ ಮುಗಿಯುವವರೆಗೆ ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ, ಯಾರ ಮನೆಯಲ್ಲೂ ಮದುವೆ ಮಾತುಕತೆ ಇಲ್ಲ, ಮಾಂಸ ಇಲ್ಲ, ಮದ್ಯ ಇಲ್ಲ. ಎಲ್ಲಕ್ಕಿಂತ ಮುಖ್ಯ, ಊರಿನವರು ಹಗಲು ಎಲ್ಲಿಗೇ ಹೋದರೂ ಕತ್ತಲಾಗುವುದರೊಳಗೆ ಊರ ಗಡಿಯೊಳಗೆ ಬಂದುಬಿಡಬೇಕು, ರಾತ್ರಿ ಹೊರಗೆ ಕಳೆಯಬಾರದು. ಲೀಲಕ್ಕ ಇದನ್ನೆಲ್ಲ ವಿವರಿಸಿ, "ನಮ್ಮ ಯಜಮಾನರದ್ದು ಮುಖ ನೋಡಿ ಅಮ್ಮ. ಇನ್ನು ಹಬ್ಬದ ತನಕ ಪಂದಿ ಸಾರು ಇಲ್ಲೆ, ಪೆಗ್ಗೂ ಇಲ್ಲೆ. ಬರೀ ಸೊಪ್ಪು" ಎಂದು ಗಂಡನನ್ನು ಛೇಡಿಸಿದರು.

ಅಮ್ಮ ಗಂಭೀರವಾಗಿ ಕೇಳಿದಳು, "ಹಂಗಾರೆ ನಾವೂ ಎಲ್ಲೂ ಹೋಗಂಗಿಲ್ವಾ?"

"ಅಯ್ಯೋ, ನಿಮಗೆ ಎಂತ ಕಟ್ಟು ಅಮ್ಮ? ನೀವು ಹೊರಗಿನವ್ರು. ಬೇಕಾದಲ್ಲಿ ಹೋಗ್ಲಿಕ್ಕೆ ಆಗ್ತದೆ. ಕಟ್ಟು ಊರಿನವ್ರಿಗೆ ಮಾತ್ರ" ಎಂದು ಲೀಲಕ್ಕ ನಕ್ಕರು.

ಒಳ್ಳೆಯ ಮನಸ್ಸಿನಿಂದ ಆಡಿದ ಮಾತೇ ಅದು. ನಾನೂ ನಕ್ಕೆ. ಅಮ್ಮ ನಗಲಿಲ್ಲ. ಮಲಗುವ ಮುಂಚೆ ಹೇಳಿದಳು, "ನೋಡ್ದಾ, ಬೇಡ ಅನ್ನೋಕೂ ನಮ್ಮನ್ನ ಲೆಕ್ಕಕ್ಕೆ ತಗೊಳೋರಿಲ್ಲ. ಒಂದು ಊರು ಅಂತ ಇದ್ರೆ ತಾನೇ, ಇಂಥದ್ದು ಮಾಡ್ಬೇಡ ಅಂತ ಹೇಳಿಸ್ಕೊಳ್ಳೋದು." ಆಮೇಲೆ ದೀಪ ಆರಿಸಿ, ಕತ್ತಲಲ್ಲಿ ತೀರ್ಪು ಕೊಟ್ಟಳು. "ನಾನು ಹಬ್ಬದ ತನಕ ಇಲ್ಲೇ ಇರ್ತೀನಿ. ಕಟ್ಟು ನಡೆಸ್ತೀನಿ. ನೀನು ಬೇಕಾದ್ರೆ ಹೋಗು."

ಎಪ್ಪತ್ತು ದಾಟಿದ ಹೆಂಗಸನ್ನು ಪರವೂರಿನಲ್ಲಿ ಬಿಟ್ಟು ನಾನೆಲ್ಲಿಗೆ ಹೋಗಲಿ? ಲೀಲಕ್ಕನಿಗೆ ಹೇಳಿದರೆ ಅವರು ಬೆರಗಾಗಿ, "ಇರಲಿ, ನಮಗೇನು ಭಾರ? ಕೋಣೆ ಖಾಲಿಯೇ ಉಂಟು" ಎಂದರು. ಹೀಗೆ ನಾವು ವಿಚಿತ್ರ ಪ್ರವಾಸಿಗರಾದೆವು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವುದು, ಗುಡಿಯೋ ಕೋಟೆಯೋ ನೋಡುವುದು, ಹೊತ್ತು ಇಳಿಯುತ್ತಿದ್ದಂತೆ ದನಗಳ ಹಾಗೆ ಕೊಟ್ಟಿಗೆ ಸೇರುವುದು. ಭಾಗಂಡೇಶ್ವರನ ಗುಡಿಯಲ್ಲಿ ಅಮ್ಮ ತಾಮ್ರದ ಛಾವಣಿಯನ್ನು ನೋಡುವುದು ಬಿಟ್ಟು ಆಕಾಶ ನೋಡಿ, "ಬಿಸಿಲು ಇಳೀತು, ನಡಿ ನಡಿ" ಎಂದು ನನ್ನನ್ನು ಎಳೆದುಕೊಂಡು ಬಂದಳು. ಇಷ್ಟು ವರ್ಷ ಶಾಲೆಯಲ್ಲಿ ಸಮಯ ಪಾಲಿಸಿ ಎಂದು ಸೀಟಿ ಊದಿದವಳು ನಾನು, ಈಗ ನನಗೇ ಸೀಟಿ.

ಅಷ್ಟರಲ್ಲಿ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿತ್ತು. ತೋಟಗಳೆಲ್ಲ ಬೆಳ್ಳಗಾದವು. ಬೆಳಿಗ್ಗೆ ಕಿಟಕಿ ತೆಗೆದರೆ ಪರಿಮಳಕ್ಕೆ ತಲೆ ತಿರುಗುವ ಹಾಗಾಗುತ್ತಿತ್ತು. ಲೀಲಕ್ಕನ ಗಂಡ ಸೊಪ್ಪಿನ ಸಾರಿನ ದುಃಖವನ್ನೂ ಮರೆತು ಗಿಡಗಿಡದ ಬಳಿಗೆ ಹೋಗಿ ಹೂವು ನೋಡಿ ಬರುತ್ತಿದ್ದರು. ಅಂಥ ಒಂದು ದಿನ ಅಮ್ಮನ ಎದೆ ನೋವಿನ ಮಾತ್ರೆ ಮುಗಿಯುತ್ತ ಬಂದಿತೆಂದು, ಮನೆಯಲ್ಲಿಟ್ಟಿದ್ದನ್ನು ತರಲು ಕುಶಾಲನಗರಕ್ಕೆ ಹೋಗಬೇಕಾಯಿತು. ಅಷ್ಟು ದೂರ ಹೋದ ಮೇಲೆ ಶನಿವಾರಸಂತೆಯ ಹತ್ತಿರದ ಮುಳ್ಳೂರು ಬಸದಿಗಳನ್ನೂ ನೋಡಿಬಿಡೋಣ ಎಂದು ಆಸೆಪಟ್ಟೆ. ಅಮ್ಮ ಒಪ್ಪಿದಳು, ಬೇಗ ಹೊರಡಬೇಕು ಎಂಬ ಷರತ್ತಿನ ಮೇಲೆ.

ಮುಳ್ಳೂರನ್ನು ನಾನು ಮರೆಯುವುದಿಲ್ಲ. ಕೊಂಗಾಳ್ವ ಅರಸರ ಕಾಲದ ಬಸದಿಗಳು, ಅಕ್ಕಪಕ್ಕ ನಿಂತಿವೆ. ಹೊರಗೆ ಸುಡುವ ಬಿಸಿಲು, ಒಳಗೆ ಕಾಲಿಟ್ಟರೆ ಕೆರೆಯೊಳಗೆ ಇಳಿದಷ್ಟು ತಂಪು. ಬಾವಲಿಯ ವಾಸನೆ ಗಪ್ಪನೆ ಹೊಡೆಯಿತು. ನಾನು ಮೂಗು ಮುಚ್ಚಿಕೊಂಡೆ. ಅಮ್ಮ ಕಣ್ಣು ಮುಚ್ಚಿಕೊಂಡಳು. "ಇದೇ ಕಣೆ" ಎಂದಳು. "ಇದೇ ವಾಸನೆ. ಬೆಳಿಗ್ಗೆ ಪೂಜಾರಪ್ಪ ಬಾಗಿಲು ತೆಗೆದ ತಕ್ಷಣ ಹಿಂಗೇ ಬರೋದು. ನಾನು ನಿನ್ನ ಎತ್ಕೊಂಡು ಇಲ್ಲಿ, ಇಂಥದೇ ಕಂಬದ ಹತ್ರ ನಿಂತಿದ್ದೆ, ಹರಸ್ಕೊಂಡಾಗ. ನಿನ್ನ ಕೆಮ್ಮು ಕೇಳಿ ಬಾವಲಿ ಎಲ್ಲ ಎದ್ದು ಹಾರಾಡ್ದೊ." ಇಷ್ಟು ವರ್ಷ ಅವಳು ಹೇಳದೆ ಉಳಿದಿದ್ದ ತುಂಡು ಅದು. ನಾನು ಮೂಗಿನಿಂದ ಕೈ ತೆಗೆದೆ. ನನ್ನ ಮನಸ್ಸಿನ ಗುಡಿಗೆ ಅಂದು ಒಳಗಿನ ಕತ್ತಲೂ ಸಿಕ್ಕಿತು.

ಅಲ್ಲಿ ಹೆಚ್ಚು ಹೊತ್ತು ನಿಂತದ್ದೇ ತಪ್ಪಾಯಿತು. ಸೋಮವಾರಪೇಟೆ ದಾಟುವಾಗ ಮೋಡ ಕಟ್ಟಿತು, ಮಡಿಕೇರಿಯಲ್ಲಿ ಗಾಳಿ ಮಳೆ. ಹೆಡ್‌ಲೈಟ್ ಹಾಕಿಕೊಂಡು ಓಡಿಸಬೇಕಾಯಿತು. ಇವತ್ತು ಇಲ್ಲೇ ಒಂದು ಲಾಡ್ಜ್ ಮಾಡೋಣ ಎಂದೆ. ಅಮ್ಮ ಕೈಚೀಲವನ್ನು ಎದೆಗೆ ಅವುಚಿಕೊಂಡು ಮುಂದೆ ನೋಡುತ್ತ ಕೂತಳು. ಆ ಮುಖ ನನಗೆ ಗೊತ್ತು, ಗೇರು ಹಾಕಿದೆ. ಭಾಗಮಂಡಲ ದಾಟುವಷ್ಟರಲ್ಲಿ ಮಳೆ ನಿಂತಿತು. ಊರಿನ ಗಡಿ ಇನ್ನೇನು ಬಂತು ಎನ್ನುವಾಗ ರಸ್ತೆಗೆ ಅಡ್ಡಲಾಗಿ ಒಂದು ದೊಡ್ಡ ಹಲಸಿನ ಮರ ಬಿದ್ದಿತ್ತು.

ಮರದ ಆಚೆ ಬದಿಯಲ್ಲಿ ಊರಿನವರು ಒಂದಷ್ಟು ಜನ ನಿಂತಿದ್ದರು. ಅವರ ಜೊತೆ ಮರ ಕೊಯ್ಯುವ ಯಂತ್ರವೂ ಇತ್ತು. ಆದರೆ ಯಾರೂ ಮುಟ್ಟುತ್ತಿಲ್ಲ. ಮರ ಬಿದ್ದದ್ದೇನೋ ಹೌದು, ಆದರೆ ಅರ್ಧ ಬೇರು ಇನ್ನೂ ಮಣ್ಣಿನಲ್ಲೇ ಇದೆ, ಎಲೆ ಹಸಿರಾಗಿದೆ. ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ.

"ಬಿದ್ದ ಮರಕ್ಕೆ ಎಂತ ಕಟ್ಟು ಅಜ್ಜ? ಕೊಯ್ದು ಬಿಸಾಕುವ" ಎಂದು ಒಬ್ಬ ವಾದಿಸುತ್ತಿದ್ದ.

"ಬೇರು ಹಿಡ್ಕೊಂಡುಂಟು, ಕಣ್ಣು ಕಾಣುದಿಲ್ವಾ ನಿಂಗೆ? ಅರಣ್ಯ ಇಲಾಖೆಯವ್ರಿಗೆ ಫೋನು ಮಾಡಿ ಆಗಿದೆ. ನಾಳೆ ಬೆಳಿಗ್ಗೆ ಅವ್ರೇ ಬಂದು ಕಡೀಲಿ, ಅವ್ರಿಗೆ ಕಟ್ಟಿಲ್ಲ" ಎಂದರು ಒಬ್ಬ ಹಿರಿಯರು. ಬಿಳಿ ಪಂಚೆ, ಮೇಲೊಂದು ಸ್ವೆಟರು, ತಲೆಗೆ ಪ್ಲಾಸ್ಟಿಕ್ ಚೀಲ. ತಕ್ಕರಾದ ಬೆಳ್ಯಪ್ಪಜ್ಜ ಅವರೇ ಎಂದು ಆಮೇಲೆ ತಿಳಿಯಿತು. ನಮ್ಮ ಕಾರು ಕಂಡು ಕೂಗಿ ಹೇಳಿದರು, "ನೀವು ವಾಪಸ್ ಭಾಗಮಂಡಲಕ್ಕೆ ಹೋಗಿ. ಅಲ್ಲಿ ರೂಮು ಸಿಗ್ತದೆ. ಇವತ್ತು ದಾರಿ ಇಲ್ಲ."

ಅಮ್ಮ ಕಾರಿನ ಬಾಗಿಲು ತೆಗೆದು ಇಳಿದಳು. ಮರದ ಹತ್ತಿರ ಹೋಗಿ ಈ ಕಡೆಯಿಂದ ಆ ಕಡೆಗೆ ಒಮ್ಮೆ ನೋಡಿದಳು. ಬೇರಿನ ಬದಿಯಲ್ಲಿ ಕಾಂಡ ನೆಲಕ್ಕೆ ಪೂರ್ತಿ ಒರಗದೆ ಸ್ವಲ್ಪ ಸಂದು ಬಿಟ್ಟಿತ್ತು. "ಕತ್ತಲಾಗೋಕೆ ಇನ್ನೂ ಹೊತ್ತಿದೆ ಅಲ್ವಾ ಗೌಡ್ರೆ?" ಎಂದು ಕೇಳಿದಳು. ಅವರು ಹೂಂ ಎನ್ನುವಷ್ಟರಲ್ಲಿ ಸೀರೆ ಎತ್ತಿ ಕಟ್ಟಿ, ಕೆಸರಿನಲ್ಲಿ ಮೊಣಕಾಲೂರಿ ಕೂತೇಬಿಟ್ಟಳು.

"ಅಮ್ಮಾ! ಎದೆ ನೋವು ಬಂದವಳು ನೀನು!" ಎಂದು ನಾನು ಕಿರುಚಿದೆ.

"ಕಿರುಚಬೇಡ. ಮಕ್ಕಳಿಗೆ ಹೇಳಿಕೊಟ್ಟಿದ್ದೀಯಲ್ಲ ಇಷ್ಟು ವರ್ಷ, ಹೆಂಗೆ ತೆವಳೋದು ಅಂತ ಹೇಳು."

ಬೇರೆ ದಾರಿ ಇರಲಿಲ್ಲ. ನನ್ನ ಹಳೆಯ ದನಿ ತಾನಾಗಿ ಹೊರಗೆ ಬಂತು. ತಲೆ ಕೆಳಗೆ, ಮೊಣಕೈ ಮುಂದೆ, ಉಸಿರು ಬಿಡು, ಅವಸರ ಬೇಡ. ಅಮ್ಮ ನಾನು ಹೇಳಿದಂತೆಯೇ ಒಂದೊಂದೇ ಅಂಗುಲ ಸರಿದಳು. ಆ ಕಡೆ ಜನ ಎಲೆಗಳನ್ನು ಕೈಯಲ್ಲಿ ಎತ್ತಿ ಹಿಡಿದರು, ಮುರಿಯದೆ. ಬೆಳ್ಯಪ್ಪಜ್ಜನೇ ಬಗ್ಗಿ ಅವಳ ಎರಡೂ ಕೈ ಹಿಡಿದು ಎಳೆದುಕೊಂಡರು. ಎದ್ದು ನಿಂತಾಗ ಅವಳ ಮುಖದ ತುಂಬ ಕೆಸರು, ತಲೆಯಲ್ಲಿ ಹಲಸಿನೆಲೆ. ನಗುತ್ತಿದ್ದಳು.

ಈಗ ನನ್ನ ಸರದಿ. ಆ ಸಂದಿನಲ್ಲಿ ನನ್ನ ಭುಜ ತೂರಿತು, ಮುಂದಿನದು ತೂರಲಿಲ್ಲ. ಹಿಂದಕ್ಕೂ ಬರಲಾಗದೆ ಒದ್ದಾಡಿದೆ. ಆಚೆ ನಿಂತವರು ನಗು ತಡೆದುಕೊಂಡದ್ದು ನನಗೆ ಕೇಳಿಸುತ್ತಿತ್ತು. ಅಮ್ಮ ತಡೆದುಕೊಳ್ಳಲಿಲ್ಲ. ಕೊನೆಗೆ ಹೇಗೋ ಹಿಂದಕ್ಕೆ ಸರಿದು, ಮರದ ಮೇಲೆ ಹತ್ತಿ, ನಾಲ್ವರ ಹೆಗಲ ಮೇಲೆ ಇಳಿದೆ. ಕಾರು ಗಡಿಯಾಚೆಯೇ ಉಳಿಯಿತು. ಅದಕ್ಕೆ ಕಟ್ಟು ಇಲ್ಲವೆಂದು ಯಾರೋ ಅಂದರು.

ಲೀಲಕ್ಕನ ಮನೆಯಲ್ಲಿ ಬಿಸಿನೀರು ಸ್ನಾನ, ಕಾಳುಮೆಣಸಿನ ಕಷಾಯ ಆಯಿತು. ಬೆಳ್ಯಪ್ಪಜ್ಜ ಹೋಗದೆ ಜಗಲಿಯಲ್ಲೇ ಕೂತಿದ್ದರು. ಅಮ್ಮ ಹೊರಗೆ ಬಂದ ಮೇಲೆ ಕೇಳಿದರು, "ಅಕ್ಕ, ನಿಮಗೆ ಕಟ್ಟು ಇಲ್ಲ ಅಂತ ಲೀಲ ಹೇಳಿದ್ಲಂತಲ್ಲ. ಮತ್ತೆ ಎಂತಕೆ ಈ ವಯಸ್ಸಲ್ಲಿ ಮರದಡಿ ನುಗ್ಗಿದ್ದು?"

ಅಮ್ಮ ಎಲ್ಲ ಹೇಳಿದಳು. ಮುಳುಗಿದ ಊರು, ಎತ್ತಲೂ ಬೀಳದ ಹೂವು, ನಾಯಿಕೆಮ್ಮು, ಬೆಲ್ಲ. ಅರ್ಚಕರ ಉತ್ತರಗಳನ್ನೂ ಹೇಳಿದಳು. "ಹರಕೆ ತೀರಿಸೋಕೆ ಅಂತ ನಾನು ಕಟ್ಟು ಹಿಡೀಲಿಲ್ಲ ಗೌಡ್ರೆ. ಅದು ತೀರೋದಲ್ಲ ಬುಡಿ. ಒಂದು ಊರಿನ ಕಟ್ಟಿಗೆ ಒಳಪಟ್ಟು ಎಷ್ಟೋ ವರ್ಷ ಆಗಿತ್ತು. ಹೊತ್ತು ಮುಳುಗೋದ್ರೊಳಗೆ ಬಾ ಅಂತ ಯಾರಾದರೂ ಹೇಳಲಿ ಅನ್ನಿಸ್ತು" ಎಂದಳು. ಲೀಲಕ್ಕ ಒಳಗೆ ಹೋಗಿ ಮೂಗು ಒರೆಸಿಕೊಂಡದ್ದು ನನಗೆ ಕಂಡಿತು. ಬೆಳ್ಯಪ್ಪಜ್ಜ ಕಷಾಯ ಕುಡಿದು ಹೊರಟುಹೋದರು.

ಮರುದಿನ ಸಂಜೆ ಮತ್ತೆ ಬಂದರು. ದೇವಸ್ಥಾನದಲ್ಲಿ ಕೂತು ನಾಲ್ಕು ಜನ ಹಿರಿಯರು ಮಾತಾಡಿದ್ದರಂತೆ. "ಕಟ್ಟು ನಡೆಸಿದವ್ರು ಊರಿನವ್ರೇ. ಅದ್ರಲ್ಲಿ ಎರಡು ಮಾತಿಲ್ಲ. ಊರಿನವ್ರಿಗೆ ಹಬ್ಬದ ದಿನ ಹರಕೆ ಒಪ್ಪಿಸ್ಲಿಕ್ಕೆ ಹಕ್ಕುಂಟು. ನಿಮ್ಮ ಕಲ್ಲೇಶ್ವರನ ಹರಕೆಯನ್ನ ನಮ್ಮ ಭಗವತಿ ಇಟ್ಕೊಳ್ಳುದಿಲ್ಲ, ಅದು ಸರಿಯಲ್ಲ. ಆದ್ರೆ ಅವಳ ಕೈಯಲ್ಲಿ ಕೊಟ್ಟು ಮುಟ್ಟಿಸು ಅಂತ ಬೇಡಿಕೊಳ್ಳಬಹುದಲ್ಲ. ನಾವು ಒಬ್ಬರ ಮನೆ ಸಾಮಾನನ್ನ ಇನ್ನೊಬ್ಬರ ಮನೆಗೆ ಕೊಟ್ಟು ಬರುದಿಲ್ವಾ, ಹಾಗೆ."

ಇಷ್ಟು ಸರಳವಾದ ಉತ್ತರ ಇಷ್ಟು ವರ್ಷ ಯಾರ ಬಾಯಿಂದಲೂ ಬಂದಿರಲಿಲ್ಲ. ಅಮ್ಮ ಎರಡೂ ಕೈ ಎತ್ತಿ ಮುಗಿದಳು.

ಬೆಲ್ಲ ತರಲು ಮಡಿಕೇರಿಗೆ ಹೋದೆವು. ಅಚ್ಚು ಬೆಲ್ಲವೇ ಆಗಬೇಕೆಂದು ಅಮ್ಮನ ಹಟ. ಅಂಗಡಿಯವನು ಮೂಟೆಗಳನ್ನು ಎಳೆಯುತ್ತ, "ಮದುವೆಯಾ ಅಮ್ಮ?" ಎಂದ. "ಅಲ್ಲಪ್ಪ, ಮಗ ಹುಷಾರಾಯ್ತು, ತುಲಾಭಾರ" ಎಂದಳು. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮುದ್ದಿಗೆ ಮಗ ಎನ್ನುತ್ತಾರೆ. ಅವನು ಮೂಟೆಗಳನ್ನು ನೋಡಿ, "ಪಾಪು ಎಲ್ಲಿ?" ಎಂದು ಕೇಳಿದ. ಅಮ್ಮ ನನ್ನ ಕಡೆ ಬೆರಳು ತೋರಿಸಿದಳು. ಅವನು ವ್ಯಾಪಾರಿ, ನಗಲಿಲ್ಲ, ಇನ್ನೊಂದು ಮೂಟೆ ತಂದಿಟ್ಟ.

ಭಗವತಿಯ ಗುಡಿ ಚಿಕ್ಕದು. ಕಲ್ಲಿನ ಗೋಡೆ, ಹೆಂಚಿನ ಮಾಡು. ಸುತ್ತ ಕೊಡಲಿ ಕಾಣದ ದೇವರಕಾಡು. ಅಲ್ಲಿ ನೀಲಿ ಬೋರ್ಡಿಲ್ಲ, ದೀಪ ಇದೆ. ಹಬ್ಬದ ಬೆಳಿಗ್ಗೆ ಪೂಜೆಯಾದ ಮೇಲೆ ನಮ್ಮನ್ನು ಕರೆದರು. ಆ ಗುಡಿಯಲ್ಲಿ ತುಲಾಭಾರದ ರೂಢಿ ಇರಲಿಲ್ಲ, ತಕ್ಕಡಿಯೂ ಇಲ್ಲ. ಹಿಂದೆ ಕಾಫಿ ಮೂಟೆ ತೂಗುತ್ತಿದ್ದ ಒಂದು ದೊಡ್ಡ ತಕ್ಕಡಿಯನ್ನು ಬೆಳ್ಯಪ್ಪಜ್ಜನ ಮನೆಯಿಂದ ಹೊತ್ತು ತಂದು, ತೊಳೆದು, ಅರಿಸಿನ ಕುಂಕುಮ ಹಚ್ಚಿ, ಅಂಗಳದಲ್ಲಿ ಕಂಬ ನಿಲ್ಲಿಸಿ ತೂಗುಹಾಕಿದ್ದರು. ಅಜ್ಜ ನನ್ನನ್ನೊಮ್ಮೆ, ಕಂಬವನ್ನೊಮ್ಮೆ ನೋಡಿ, ಹಗ್ಗವನ್ನು ಇನ್ನೊಂದು ಸುತ್ತು ಬಿಗಿಸಲು ಹೇಳಿದರು.

ನಾನು ತಟ್ಟೆಯಲ್ಲಿ ಚಕ್ಕಳ ಮಕ್ಕಳ ಹಾಕಿ ಕೂತೆ. ನಾಚಿಕೆಯಿಂದ ಮುಖ ಬೆಂದುಹೋಗುತ್ತಿತ್ತು. ಅಮ್ಮ ಎದುರು ತಟ್ಟೆಗೆ ಬೆಲ್ಲದ ಅಚ್ಚುಗಳನ್ನು ಇಡತೊಡಗಿದಳು. ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲ. ಬಗ್ಗುವುದು, ಎತ್ತುವುದು, ಕಣ್ಣಿಗೊತ್ತಿಕೊಳ್ಳುವುದು, ಇಡುವುದು. ಎಷ್ಟಿಟ್ಟರೂ ನಾನು ನೆಲದ ಮೇಲೆಯೇ. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು, ನನಗೂ ನಗು ಬರುತ್ತಿತ್ತು. ಅಷ್ಟರಲ್ಲಿ ಅಮ್ಮ ಒಂದು ಅಚ್ಚು ಇಟ್ಟಳು, ನನ್ನ ತಟ್ಟೆ ಅಲುಗಿತು. ಇನ್ನೊಂದು ಇಟ್ಟಳು. ನೆಲ ಬಿಟ್ಟು ನಾನು ಮೇಲೆದ್ದೆ. ಅಮ್ಮನ ಕೈ ಹಾಗೇ ನಿಂತಿತು. ಅವಳು ನನ್ನನ್ನು ನೋಡಿದ ರೀತಿ ನಾನು ಹೇಗೆ ಹೇಳಲಿ? ಆಗಷ್ಟೇ ಕೆಮ್ಮು ನಿಂತು ಉಸಿರಾಡಿದ ಮಗುವನ್ನು ನೋಡುತ್ತಿದ್ದಳು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಇಷ್ಟು ವರ್ಷ ನಾನು ತಮಾಷೆ ಮಾಡಿಕೊಂಡು ಬಂದದ್ದು ನನ್ನದೇ ಜೀವದ ಬೆಲೆ ಎಂದು ಆ ತಕ್ಕಡಿಯಲ್ಲಿ ತೂಗುತ್ತ ಕೂತಾಗ ತಿಳಿಯಿತು, ಬಿಕ್ಕಿ ಅತ್ತೆ.

ಬೆಳ್ಯಪ್ಪಜ್ಜ ಗುಡಿಯ ಮುಂದೆ ನಿಂತು ಊರಿನ ಪ್ರಾರ್ಥನೆಯನ್ನು ಅರೆಭಾಷೆಯಲ್ಲಿ ಮಾಡಿದರು. ಆಮೇಲೆ ಅಮ್ಮನಿಗೆ ಅರ್ಥವಾಗಲೆಂದು ಕನ್ನಡಕ್ಕೆ ತಿರುಗಿದರು. "ತಾಯಿ ಭಗವತಿ, ಈ ಅಕ್ಕ ನಿನ್ನ ಕಟ್ಟು ತಪ್ಪಿಸ್ಲಿಲ್ಲ. ಇವರ ಊರು ನೀರಿನಡಿ ಹೋಗಿದೆ. ಅಲ್ಲಿ ಒಬ್ಬ ಈಶ್ವರ ಒಬ್ಬನೇ ಕೂತಿದ್ದಾನೆ. ಅವನಿಗೆ ಇವರು ಕೊಡಬೇಕಾದದ್ದು ಇದು. ನಮಗೆ ದಾರಿ ಇಲ್ಲ, ನಿನಗೆ ಉಂಟು. ಮುಟ್ಟಿಸು. ಈ ಮಗಳ ತಲೆ ಮೇಲೆ ಏನೂ ಉಳಿಸಬೇಡ."

ಮಗಳ ತಲೆಯ ಮಾತನ್ನು ಅಮ್ಮ ಅವರಿಗೆ ಹೇಳಿದ್ದಳೋ ಇಲ್ಲವೋ ನನಗೆ ತಿಳಿಯದು. ಅವಳು ಅಂಗಳದಲ್ಲೇ ಕುಸಿದು ಕೂತು ಅತ್ತಳು. ಲೀಲಕ್ಕ ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಮಧ್ಯಾಹ್ನ ಆ ಬೆಲ್ಲದಿಂದಲೇ ಪಾಯಸವಾಯಿತು. ಊರೆಲ್ಲ ನನ್ನ ತೂಕವನ್ನು ಹೊಗಳಿಕೊಂಡು ಎರಡೆರಡು ಸಲ ಬಡಿಸಿಕೊಂಡರು. ಅಮ್ಮ ಎಲೆಯ ಮುಂದೆ ಕೂತು ಬೆರಳು ನೆಕ್ಕುತ್ತ, ವೈದ್ಯರು ಸಿಹಿ ಬೇಡ ಎಂದದ್ದನ್ನು ನಾನು ನೆನಪಿಸಿದರೆ ಕೇಳಿಸಿಕೊಳ್ಳಲೇ ಇಲ್ಲ.

ಮಾರನೆಯ ದಿನ ಕಟ್ಟು ಬಿಟ್ಟಿತು. ಲೀಲಕ್ಕನ ಗಂಡ ಬೆಳಗಾಗುವ ಮೊದಲೇ ಮಾಂಸದಂಗಡಿಗೆ ಹೊರಟಾಗಿತ್ತು. ನಾವು ಚೀಲಗಳನ್ನು ಕಾರಿಗೆ ತುಂಬುತ್ತಿದ್ದಾಗ ಬೆಳ್ಯಪ್ಪಜ್ಜ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಬಂದರು. "ಇನ್ನು ತೊಂದರೆ ಇಲ್ಲ ಅಕ್ಕ. ಎಲ್ಲಿಗೆ ಬೇಕಾದ್ರೂ ಹೋಗಿ, ಎಲ್ಲಿ ಬೇಕಾದ್ರೂ ಉಳೀರಿ" ಎಂದರು.

ಅಮ್ಮನ ಮುಖ ಸಣ್ಣದಾಯಿತು. "ಹೋಗಿ ಅಂದ್ರಿ. ಬನ್ನಿ ಅಂತ ಒಂದು ಮಾತು ಅನ್ಲಿಲ್ವಲ್ಲ ಗೌಡ್ರೆ" ಎಂದಳು.

ಅಜ್ಜ ಬಾಳೆಗೊನೆಯನ್ನು ಹಿಂದಿನ ಸೀಟಿನಲ್ಲಿ ಇಟ್ಟು, ಬಾಗಿಲು ಹಾಕಿ, ಅವಳ ಕಡೆ ತಿರುಗಿದರು.

"ಊರಿನವ್ರಿಗೆ ಯಾರಾದ್ರೂ ಬನ್ನಿ ಅಂತಾರಾ ಅಕ್ಕ? ಅದು ನೆಂಟರಿಗೆ ಹೇಳುದು."

ಅಮ್ಮ ಸೆರಗು ಸರಿಮಾಡಿಕೊಂಡು, "ಹಂಗಾರೆ ಬರ್ತೀನಿ" ಎಂದು ಕಾರು ಹತ್ತಿದಳು.